ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಟ್ಟು ಫೋರ್‌ವೀಲ್ ಗಾಡಿ ಓಡಿಸಬಹುದಾ?

ಮಣ್ಣುದಾರಿ

ಗಾಡಿ ಪಾರ್ಟ್‌ಟೈಮ್ ಫೋರ್‌ವೀಲ್ ಡ್ರೈವ್. ಮ್ಯಾನುಯಲ್ ಗೇರು, 2ಎಚ್ (ಹಿಂದಿನ ಎರಡು ಗಾಲಿಗೆ ಮಾತ್ರ ಶಕ್ತಿ), 4ಎಚ್ (ನಾಲ್ಕೂ ಗಾಲಿಗೆ), ನ್ಯೂಟ್ರಲ್, 4ಎಲ್ (ನಾಲ್ಕೂ ಗಾಲಿಗೆ, ನಿಧಾನದ ಲೋ ರೇಂಜ್) ಇರುವ ಲಿವರು, ಮುಂದಿನ ಗಾಲಿಗಳಿಗೆ ಕೈಯಲ್ಲಿ ತಿರುಗಿಸುವ ಲಾಕಿಂಗ್ ಹಬ್ (ಗಾಲಿಯನ್ನು ಆಕ್ಸಲ್ಲಿಗೆ ಜೋಡಿಸುವ, ಬಿಡಿಸುವ ಭಾಗ). ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಆಕ್ಸಲ್ ಕಡೆಯ ಕ್ರಾಸ್ (ಯೂನಿವರ್ಸಲ್ ಜಾಯಿಂಟ್) ಸವೆದು ಮುಗಿದಿದೆ. ನಿಧಾನಕ್ಕೆ ಹೋಗುವಾಗ ಚಿಂವ್ ಚಿಂವ್ ಸದ್ದು, ಗೇರ್ ಬದಲಿಸಿದಾಗ ಟಕ್ ಅಂತ ಪೆಟ್ಟು, ಕ್ರಾಸಿನ ತುದಿಯ ಬೇರಿಂಗ್ ಕಪ್ಪಿನ ಸುತ್ತ ಕೆಂಪು ತುಕ್ಕಿನ ಪುಡಿ. ಶಾಫ್ಟ್ ಹಿಡಿದು ಅಲುಗಿಸಿದರೆ ಆಟ ಕಣ್ಣಿಗೇ ಕಾಣುತ್ತದೆ. ಹೊಸ ಕ್ರಾಸ್ ಸಿಗಲು ನಾಲ್ಕೈದು ದಿನ ಆಗುತ್ತದೆ.

ಅಲ್ಲಿಯವರೆಗೆ ಶಾಫ್ಟ್ ಪೂರ್ತಿ ಬಿಚ್ಚಿಟ್ಟು, 4ಎಚ್‌ಗೆ ಹಾಕಿ, ಮುಂದಿನ ಗಾಲಿಗಳಲ್ಲೇ ಓಡಿಸಬಹುದಾ? ದಿನಕ್ಕೆ 30–40 ಕಿ.ಮೀ. ಡಾಂಬರು, ಕೊನೆಗೆ ಸುಮಾರು ಒಂದು ಕಿ.ಮೀ. ಕಲ್ಲುಮಣ್ಣಿನ ಏರು. ಡಾಂಬರಿನ ಮೇಲೆ 4ಎಚ್ ಹಾಕಬಾರದು ಅಂತಾರಲ್ಲ, ಅದೇ ಅನುಮಾನ. ಇನ್ನೊಂದು, ಫುಲ್‌ಟೈಮ್ ಫೋರ್‌ವೀಲ್ ಗಾಡಿಗೂ (ಯಾವಾಗಲೂ ನಾಲ್ಕೂ ಗಾಲಿಗೆ ಶಕ್ತಿ ಹೋಗುವಂಥದ್ದು) ಇದೇ ಉಪಾಯ ನಡೆಯುತ್ತಾ? ಬಿಚ್ಚುವಾಗ ಏನೇನು ಗಮನಿಸಬೇಕು, ತಿಳಿದವರು ಹೇಳಿ.

ಹದಿನಾಲ್ಕರ ಸ್ಪ್ಯಾನರ್

ಧಾರಾಳವಾಗಿ ಓಡಿಸಬಹುದು. ಆ ಸ್ಥಿತಿಯಲ್ಲಿರುವ ಕ್ರಾಸನ್ನು ಇಟ್ಟುಕೊಂಡು ಓಡಿಸುವುದೇ ಅಪಾಯ. ಕಪ್ಪಿನೊಳಗಿನ ಸೂಜಿ ಬೇರಿಂಗು ಪುಡಿಯಾದ ಮೇಲೆ ಕ್ರಾಸ್ ಮುರಿಯಲು ಹೆಚ್ಚು ಹೊತ್ತು ಬೇಡ. ಶಾಫ್ಟಿನ ಒಂದು ತುದಿ ಕಳಚಿ ಇನ್ನೊಂದು ತುದಿ ತಿರುಗುತ್ತಲೇ ಇದ್ದರೆ ಅದು ಕಬ್ಬಿಣದ ದೊಣ್ಣೆಯಂತೆ ಬೀಸುತ್ತದೆ. ಬ್ರೇಕ್ ಪೈಪು, ಡೀಸೆಲ್ ಟ್ಯಾಂಕು, ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಹೊದಿಕೆ ಯಾವುದನ್ನೂ ಬಿಡುವುದಿಲ್ಲ. ಲ್ಯಾಂಡ್ ರೋವರ್ ಡಿಸ್ಕವರಿ 2ರಲ್ಲಿ ಮುಂದಿನ ಶಾಫ್ಟಿನ ಜೋಡಿ ಕ್ರಾಸ್ ಒಣಗಿ ಮುರಿದು, ಗೇರ್‌ಬಾಕ್ಸ್ ಹೊದಿಕೆಯನ್ನೇ ತೂತು ಮಾಡುವುದು ಆ ಗಾಡಿ ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ.

ನಿಮ್ಮ ಡಾಂಬರಿನ ಅನುಮಾನಕ್ಕೆ ಬರೋಣ. ಪಾರ್ಟ್‌ಟೈಮ್ ಟ್ರಾನ್ಸ್‌ಫರ್ ಕೇಸಿನಲ್ಲಿ (ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಕಳಿಸುವ ಪೆಟ್ಟಿಗೆ) 2ಎಚ್ ಇದ್ದಾಗ ಶಕ್ತಿ ಹಿಂದಿನ ಔಟ್‌ಪುಟ್ಟಿಗೆ ಮಾತ್ರ ಹೋಗುತ್ತದೆ. 4ಎಚ್ ಹಾಕಿದಾಗ ಒಳಗೊಂದು ಸ್ಲೀವ್ ಸರಿದು ಮುಂದಿನ ಔಟ್‌ಪುಟ್ಟನ್ನೂ ಅದಕ್ಕೇ ಕಚ್ಚಿಸುತ್ತದೆ. ನಡುವೆ ಡಿಫರೆನ್ಷಿಯಲ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇಲ್ಲ, ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸುತ್ತುತ್ತವೆ. ಆ ವ್ಯತ್ಯಾಸ ಡಾಂಬರಿನ ಮೇಲೆ ಜಾರಿ ತೀರುವುದಿಲ್ಲ, ಶಾಫ್ಟು ಗೇರುಗಳಲ್ಲಿ ಬಿಗುವಾಗಿ ಕೂತುಬಿಡುತ್ತದೆ. ಡಾಂಬರಿನ ಮೇಲೆ 4ಎಚ್ ಬೇಡ ಅನ್ನುವುದು ಇದಕ್ಕೆ. ಒಂದು ಶಾಫ್ಟೇ ಇಲ್ಲದಿದ್ದರೆ ಬಿಗಿಯಲು ಎದುರಿಗೆ ಇನ್ನೊಂದು ಆಕ್ಸಲ್ ಇರುವುದಿಲ್ಲ, ಹಾಗಾಗಿ ಆ ನಿಯಮವೂ ಇಲ್ಲ. 4ಎಚ್‌ನಲ್ಲೇ ಡಾಂಬರಿನ ಮೇಲೆ ಹೋಗಿ.

ಎರಡೂ ಹಬ್ ಲಾಕ್ ಆಗಿರಬೇಕು. ಒಂದು ಲಾಕ್ ಆಗಿ ಇನ್ನೊಂದು ಫ್ರೀ ಇದ್ದರೆ ಮುಂದಿನ ಡಿಫರೆನ್ಷಿಯಲ್ ಶಕ್ತಿಯನ್ನೆಲ್ಲ ಫ್ರೀ ಇರುವ ಕಡೆಯ ಅರ್ಧ ಆಕ್ಸಲ್ ತಿರುಗಿಸುವುದಕ್ಕೇ ಸುರಿಯುತ್ತದೆ. ಕ್ಲಚ್ ಬಿಟ್ಟರೆ ಎಂಜಿನ್ ಗುಯ್‌ಗುಡುತ್ತದೆ, ಗಾಡಿ ಮಾತ್ರ ನಿಂತಲ್ಲೇ. ಎಷ್ಟೋ ಸಲ ಇದನ್ನೇ ಟ್ರಾನ್ಸ್‌ಫರ್ ಕೇಸ್ ಹೋಗಿದೆ ಅಂದುಕೊಂಡು ಬಿಚ್ಚಿಬಿಡುತ್ತಾರೆ.

ಮುಂದಿನ ಆಕ್ಸಲ್ಲಿನ ತಾಳಿಕೆ ಹಿಂದಿನದರಷ್ಟು ಇರುವುದಿಲ್ಲ. ಗಾಲಿ ಕಡೆಯ ಸಿವಿ ಜಾಯಿಂಟ್ (ಗಾಲಿ ಓರೆ ತಿರುಗಿದಾಗಲೂ ಶಕ್ತಿ ದಾಟಿಸುವ ಕೀಲು) ನೇರ ಇದ್ದಾಗ ಗಟ್ಟಿ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ದುರ್ಬಲ. ಸ್ಟೀರಿಂಗ್ ಕೊನೆವರೆಗೆ ತಿರುಗಿಸಿ ಕ್ಲಚ್ ಜೋರಾಗಿ ಬಿಡಬೇಡಿ. ತಿರುಗಿಸಬೇಕಿದ್ದರೆ ಅರ್ಧ ಸುತ್ತು ಸಡಿಲಿಸಿ, ಗಾಡಿ ಉರುಳಲು ಶುರುವಾದ ಮೇಲೆ ಆಕ್ಸಿಲರೇಟರ್ ಕೊಡಿ. ಮುಂದಿನ ಆಕ್ಸಲ್ಲಿನಲ್ಲಿ ಸಿವಿ ಬದಲು ಸಾದಾ ಕ್ರಾಸ್ ಇರುವ ಹಳೆಯ ಜೀಪುಗಳಾದರೆ ತಿರುವಿನಲ್ಲಿ ಸ್ಟೀರಿಂಗ್ ಲಯವಾಗಿ ಜಗ್ಗುತ್ತದೆ. ಅದು ಆ ಜಾಯಿಂಟಿನ ಗುಣವೇ, ಕೆಟ್ಟಿದೆ ಅಂತಲ್ಲ.

4ಎಲ್ ಬೇಡ. ಜೀಪುಗಳ ಎನ್‌ಪಿ231 ಟ್ರಾನ್ಸ್‌ಫರ್ ಕೇಸಿನಲ್ಲಿ ಲೋ ರೇಂಜ್ 2.72ಕ್ಕೆ 1. ಅಂದರೆ ಎರಡು ಆಕ್ಸಲ್ ಹಂಚಿಕೊಳ್ಳಬೇಕಾದ ತಿರುಚುಬಲ ಎರಡೂಮುಕ್ಕಾಲು ಪಟ್ಟಿನ ಹತ್ತಿರ ಹೆಚ್ಚಿ, ಪೂರ್ತಿ ಮುಂದಿನ ಸಣ್ಣ ಆಕ್ಸಲ್ಲಿನ ಮೇಲೇ ಬೀಳುತ್ತದೆ. ಸಮತಟ್ಟಿನಲ್ಲಿ ಇಂಚಿಂಚು ಸರಿಸಲು ಬಳಸಿದರೆ ಸರಿ, ಏರಿನಲ್ಲಿ ಬೇಡ.

ತುಕ್ಕುಬೋಲ್ಟು

ಆ ಕಲ್ಲುಮಣ್ಣಿನ ಏರಿನ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ಏರಿನಲ್ಲಿ ತೂಕ ಹಿಂದಕ್ಕೆ ವಾಲುತ್ತೆ, ಮುಂದಿನ ಗಾಲಿ ಹಗುರಾಗುತ್ತೆ. ಎಳೆಯಬೇಕಾದ ಗಾಲಿಗಳೇ ಹಗುರಾದರೆ ಕಲ್ಲುಪುಡಿ ಮೇಲೆ ಬರೀ ಸುತ್ತುತ್ವೆ. ಹಿಂದೆ ಮೂಟೆ ಹಾಕಿದ್ರಂತೂ ಕೇಳೋದೇ ಬೇಡ. ಜಾಗ ಇದ್ದರೆ ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸಿ. ಆಗ ತೂಕ ಮುಂದಿನ ಆಕ್ಸಲ್ ಕಡೆಗೇ ಬರುತ್ತೆ, ಹಿಡಿತ ಚೆನ್ನಾಗಿರುತ್ತೆ. ಆದರೆ ರಿವರ್ಸಲ್ಲಿ ಆಕ್ಸಲ್ ಒಳಗಿನ ದೊಡ್ಡ ಕ್ರೌನ್ ಗೇರಿನ ಹಲ್ಲಿನ ಇನ್ನೊಂದು ಮುಖಕ್ಕೆ ಭಾರ ಬೀಳೋದರಿಂದ ದಬಾಯಿಸಿ ಹತ್ತಿಸೋದು ಬೇಡ. ಸುತ್ತೋಕೆ ಶುರುವಾಯ್ತು ಅಂದ್ರೆ ನಿಲ್ಲಿಸಿ. ಸುತ್ತುತ್ತಿರೋ ಗಾಲಿ ಫಕ್ಕನೆ ಬಂಡೆ ಮೇಲೆ ಕಚ್ಚಿಕೊಂಡ ಆ ಕ್ಷಣದಲ್ಲೇ ಸಿವಿ ಮುರಿಯೋದು.

ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ ಮುಂದಿನ ಗಾಲಿಗೆ ಮಾತ್ರ ಸಿಗುತ್ತೆ. ಒದ್ದೆ ಮಣ್ಣಲ್ಲಿ ಒಂದನೇ ಗೇರಿಗೆ ಹಾಕಿ ಬಿಟ್ರೆ ಮುಂದಿನ ಗಾಲಿ ತಡೆದು ಜಾರುತ್ತೆ, ಸ್ಟೀರಿಂಗ್ ಮಾತು ಕೇಳಲ್ಲ. ಎರಡನೇ ಗೇರು ಮತ್ತೆ ಕಾಲ್‌ಬ್ರೇಕು ಜೊತೆಗಿರಲಿ. ಹಲವು ಗಾಡಿಗಳಲ್ಲಿ 4ಎಚ್ ಹಾಕಿದ ಕೂಡಲೇ ಸ್ಟೆಬಿಲಿಟಿ ಕಂಟ್ರೋಲ್ ತಾನಾಗಿ ಆಫ್ ಆಗುತ್ತೆ, ಅದೂ ನೆನಪಿರಲಿ. ಟ್ರೈಲರ್ ಎಳೆಯೋದು ಸದ್ಯಕ್ಕೆ ಬಿಟ್ಬಿಡಿ.

ಸೆಂಟರ್‌ಡಿಫ್

ಫುಲ್‌ಟೈಮ್ ಗಾಡಿಯ ಕಥೆ ಬೇರೆ. ಎರಡು ಔಟ್‌ಪುಟ್ಟುಗಳ ನಡುವೆ ಏನಿದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಡಿಫೆಂಡರ್, ಲಾಡಾ ನಿವಾ, ಲ್ಯಾಂಡ್ ಕ್ರೂಸರ್ 80 ಇಂಥವುಗಳಲ್ಲಿ ಟ್ರಾನ್ಸ್‌ಫರ್ ಕೇಸಿನೊಳಗೆ ಸೆಂಟರ್ ಡಿಫರೆನ್ಷಿಯಲ್ ಇದೆ. ತೆರೆದ ಡಿಫರೆನ್ಷಿಯಲ್ ಎರಡೂ ಕಡೆಗೆ ತಿರುಚುಬಲವನ್ನು ಒಂದೇ ಪ್ರಮಾಣದಲ್ಲಿ ಹಂಚುತ್ತದೆ. ಶಾಫ್ಟ್ ಬಿಚ್ಚಿದ ಕಡೆ ತಡೆಯೇ ಇಲ್ಲ, ಅಂದರೆ ಅಲ್ಲಿ ಸೊನ್ನೆ. ಆ ಕಡೆ ಸೊನ್ನೆಯಾದರೆ ಈ ಕಡೆಯೂ ಸೊನ್ನೆ. ಗೇರ್ ಹಾಕಿದರೆ ಖಾಲಿ ಫ್ಲ್ಯಾಂಜ್ (ಶಾಫ್ಟ್ ಬೋಲ್ಟ್ ಆಗುವ ತಟ್ಟೆ) ಎರಡು ಪಟ್ಟು ವೇಗದಲ್ಲಿ ಗಿರಗಿರ ತಿರುಗುತ್ತದೆ, ಗಾಡಿ ಕದಲುವುದಿಲ್ಲ. ಡಿಫೆಂಡರಿನಲ್ಲಿ ಸ್ಪೀಡೋಮೀಟರ್ ಕೇಬಲ್ ಹಿಂದಿನ ಔಟ್‌ಪುಟ್ಟಿನಿಂದಲೇ ಹೊರಡುವುದರಿಂದ, ಹಿಂದಿನ ಶಾಫ್ಟ್ ಬಿಚ್ಚಿದಾಗ ನಿಂತ ಗಾಡಿಯಲ್ಲೇ ಮುಳ್ಳು ಮೇಲೇರುವ ತಮಾಷೆ ನೋಡಬಹುದು. ತಮಾಷೆ ನೋಡುತ್ತಾ ಎಂಜಿನ್ ರೇಸ್ ಮಾಡಬೇಡಿ. ಸೆಂಟರ್ ಡಿಫರೆನ್ಷಿಯಲ್ಲಿನ ಸಣ್ಣ ಗೇರುಗಳು ತಿರುವಿನಲ್ಲಿ ನಿಧಾನಕ್ಕೆ ಉರುಳಲು ಮಾಡಿದವು. ಹಾಗೆ ಗಿರಗುಟ್ಟಿಸಿದರೆ ಅವುಗಳ ಹಿಂದಿನ ತೆಳು ವಾಷರುಗಳೂ ಅಡ್ಡ ಪಿನ್ನೂ ಬೇಗ ಸವೆಯುತ್ತವೆ.

ಹಾಗಾಗಿ ಫುಲ್‌ಟೈಮ್‌ನಲ್ಲಿ ಡಿಫ್ ಲಾಕ್ (ಸೆಂಟರ್ ಡಿಫರೆನ್ಷಿಯಲ್ಲನ್ನು ಕಚ್ಚಿಸಿ ಎರಡೂ ಕಡೆ ಒಟ್ಟಿಗೇ ತಿರುಗಿಸುವುದು) ಹಾಕಲೇಬೇಕು, ಶಾಫ್ಟ್ ಬಿಚ್ಚುವುದಕ್ಕೆ ಮೊದಲೇ ಹಾಕಿ ಖಾತ್ರಿ ಮಾಡಿಕೊಳ್ಳಬೇಕು. ವರ್ಷಗಟ್ಟಲೆ ಬಳಸದ ಲಾಕಿನ ಲಿಂಕೇಜ್ ತುಕ್ಕು ಹಿಡಿದಿರುತ್ತದೆ. ಮೋಟಾರಿನಿಂದ ಅಥವಾ ವ್ಯಾಕ್ಯೂಮಿನಿಂದ ನಡೆಯುವ ಲಾಕು ಗುಂಡಿ ಒತ್ತಿದರೂ ಕಚ್ಚದೇ ಇರಬಹುದು. ಎರಡೂ ಶಾಫ್ಟ್ ಇರುವಾಗಲೇ ಸಡಿಲ ಮಣ್ಣಿನ ಮೇಲೆ ಲಾಕ್ ಹಾಕಿ, ಸ್ವಲ್ಪ ಎಡಬಲ ತಿರುಗಿಸುತ್ತಾ ಹತ್ತಿಪ್ಪತ್ತು ಮೀಟರ್ ಹೋಗಿ, ದೀಪ ಹೊತ್ತುವವರೆಗೆ ನೋಡಿ. ಹಲ್ಲಿಗೆ ಹಲ್ಲು ಎದುರು ನಿಂತಿದ್ದರೆ ಗಾಡಿ ಸ್ವಲ್ಪ ಉರುಳಿದ ಮೇಲೇ ಅದು ಒಳಗೆ ಬೀಳುತ್ತದೆ. ದೀಪದ ಸ್ವಿಚ್ಚು ಕೆಟ್ಟಿರುವುದೂ ಸಾಮಾನ್ಯ, ಹಾಗಾಗಿ ದೀಪವೊಂದನ್ನೇ ನಂಬಬೇಡಿ.

ಶಾಫ್ಟ್ ಬಿಚ್ಚಿದ ಮೇಲೆ ಖಚಿತ ಪರೀಕ್ಷೆ ಇದು. ನಾಲ್ಕೂ ಗಾಲಿ ನೆಲದ ಮೇಲೆ, ಗಾಲಿಗಳಿಗೆ ಎರಡೂ ಬದಿ ಕಲ್ಲು ಕೊಟ್ಟು, ಗೇರ್‌ಬಾಕ್ಸ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಸಡಿಲ, ಎಂಜಿನ್ ಬಂದ್. ಈಗ ಖಾಲಿ ಫ್ಲ್ಯಾಂಜನ್ನು ಕೈಯಲ್ಲಿ ತಿರುಗಿಸಿ. ಲಾಕ್ ಕಚ್ಚಿದ್ದರೆ ಗೇರುಗಳ ಸಂದಿನಷ್ಟು ಆ ಕಡೆ ಈ ಕಡೆ ಅಲುಗಿ ನಿಲ್ಲುತ್ತದೆ. ಲಾಕ್ ಇಲ್ಲದಿದ್ದರೆ ಎಣ್ಣೆಯ ಎಳೆತದೊಂದಿಗೆ ನಿಧಾನಕ್ಕೆ ಸುತ್ತುತ್ತಲೇ ಹೋಗುತ್ತದೆ. ಗೇರ್ ಹಾಕಿ ಈ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಗೇರೂ ಎದುರು ಆಕ್ಸಲ್ಲೂ ಎರಡೂ ಹಿಡಿದಿರುವುದರಿಂದ ಲಾಕ್ ಇಲ್ಲದಿದ್ದರೂ ಫ್ಲ್ಯಾಂಜ್ ತಿರುಗುವುದಿಲ್ಲ. ಬಹಳ ಜನ ಇಲ್ಲೇ ಮೋಸ ಹೋಗುತ್ತಾರೆ.

ಲ್ಯಾಂಡ್ ಕ್ರೂಸರ್ 80ರ ಥರ ಸೆಂಟರ್ ಡಿಫರೆನ್ಷಿಯಲ್ ಜೊತೆ ವಿಸ್ಕಸ್ ಕಪ್ಲಿಂಗ್ ಇದ್ದರೆ ಲಾಕ್ ಹಾಕದೆಯೂ ಗಾಡಿ ತೆವಳುತ್ತದೆ. ಆಗ ಎಳೆಯುತ್ತಿರುವುದು ಕಪ್ಲಿಂಗಿನೊಳಗಿನ ಸಿಲಿಕೋನ್ ದ್ರವ. ಅದು ಕಾದು ಕೆಡುತ್ತದೆ, ಆಮೇಲೆ ಕಪ್ಲಿಂಗ್ ಸಡಿಲವಾಗುತ್ತದೆ ಇಲ್ಲವೇ ಪೂರ್ತಿ ಬಿಗಿದುಕೊಳ್ಳುತ್ತದೆ. ಓಡುತ್ತಿದೆಯಲ್ಲ ಅಂತ ಮುಂದುವರಿಸಬೇಡಿ. ಟಾರ್ಸೆನ್ (ಗೇರುಗಳಿಂದಲೇ ಬಲ ಹಂಚುವ ಸೆಂಟರ್ ಡಿಫರೆನ್ಷಿಯಲ್) ಇರುವ ಪ್ರಾಡೊದಂಥ ಗಾಡಿಯಲ್ಲಿ ಅಷ್ಟೂ ಇಲ್ಲ. ಟಾರ್ಸೆನ್ ಮಾಡುವುದು ಕಡಿಮೆ ಇರುವ ಕಡೆಯ ಬಲದ ಇಂತಿಷ್ಟು ಪಟ್ಟನ್ನು ಇನ್ನೊಂದು ಕಡೆಗೆ ಕೊಡುವ ಕೆಲಸ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ.

ಲೋರೇಂಜ್

ಲಿವರಿನಲ್ಲಿ ಒಂದಕ್ಕಿಂತ ಹೆಚ್ಚು ‘ಫೋರ್ ಹೈ’ ಇರುವ ಗಾಡಿಗಳಿಗೆ ಒಂದು ಸೇರಿಸುವೆ. ಮಿಟ್ಸುಬಿಷಿಯ ಸೂಪರ್ ಸೆಲೆಕ್ಟ್‌ನಲ್ಲಿ 4ಎಚ್ ಅಂದರೆ ಸೆಂಟರ್ ಡಿಫರೆನ್ಷಿಯಲ್ ತೆರೆದಿರುತ್ತದೆ, ಜೊತೆಗೆ ವಿಸ್ಕಸ್. ಹಿಂದಿನ ಶಾಫ್ಟ್ ಬಿಚ್ಚಿದರೆ 4ಎಚ್‌ಎಲ್‌ಸಿ (ಸೆಂಟರ್ ಡಿಫರೆನ್ಷಿಯಲ್ ಲಾಕ್ ಆಗುವ ಜಾಗ) ಹಾಕಬೇಕು. ಜೀಪ್ ಚೆರೋಕಿಯ ಎನ್‌ಪಿ242ರಲ್ಲೂ ಹಾಗೆಯೇ. ಅದರಲ್ಲಿ ಪಾರ್ಟ್‌ಟೈಮ್, ಫುಲ್‌ಟೈಮ್ ಅಂತ ಎರಡು ಜಾಗ ಇವೆ, ನಿಮಗೆ ಬೇಕಾದ್ದು ಪಾರ್ಟ್‌ಟೈಮ್. ಎರಡರಲ್ಲೂ ಮುಂದಿನ ಶಾಫ್ಟ್ ಬಿಚ್ಚಿದ್ದರೆ ತಲೆನೋವಿಲ್ಲ, 2ಎಚ್‌ನಲ್ಲಿ ಹೋಗುತ್ತಿರಿ.

ಮುಂದಿನ ಶಾಫ್ಟ್ ಬಿಚ್ಚಿದ ಪಾರ್ಟ್‌ಟೈಮ್ ಗಾಡಿಯನ್ನು ತಿಂಗಳುಗಟ್ಟಲೆ ಓಡಿಸಿದರೂ ಏನೂ ಆಗದು. ಹಾಗಂತ ಫುಲ್‌ಟೈಮ್ ಗಾಡಿಯಲ್ಲಿ ಮೈಲೇಜಿಗಾಗಿ ಮುಂದಿನ ಶಾಫ್ಟ್ ತೆಗೆದು, ಡಿಫ್ ಲಾಕ್ ಖಾಯಂ ಹಾಕಿಡುವುದು ನನಗೆ ಸರಿಕಾಣದು. ಹಬ್ ಫ್ರೀ ಮಾಡಲು ಬಾರದ ಗಾಡಿಯಲ್ಲಿ ಮುಂದಿನ ಗಾಲಿಗಳು ಸಿವಿಯನ್ನೂ ಕ್ರೌನ್ ಪಿನಿಯನ್ನನ್ನೂ ತಿರುಗಿಸುತ್ತಲೇ ಇರುತ್ತವೆ, ಉಳಿತಾಯ ಅಲ್ಪ. ಎರಡು ಆಕ್ಸಲ್ ಹಂಚಿಕೊಳ್ಳುತ್ತಿದ್ದ ಭಾರ ಹಿಂದಿನದೊಂದರ ಮೇಲೇ ಬೀಳುತ್ತದೆ.

ರಸ್ತೆ ಕಾರಿನಂಥ ಆಲ್‌ವೀಲ್ ಗಾಡಿಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಮೂಲದಲ್ಲಿ ಮುಂದಿನ ಗಾಲಿ ಎಳೆಯುವವು, ಬೇಕಾದಾಗ ಕಪ್ಲಿಂಗ್ ಮೂಲಕ ಹಿಂದಕ್ಕೆ ಕಳಿಸುವವು ಆದರೆ ಹಿಂದಿನ ಶಾಫ್ಟ್ ತೆಗೆದು ಓಡಿಸಬಹುದು. ಮೊದಲ ತಲೆಮಾರಿನ ಫ್ರೀಲ್ಯಾಂಡರಿನಲ್ಲಿ ಶಾಫ್ಟಿನ ನಡುವೆಯೇ ವಿಸ್ಕಸ್ ಯೂನಿಟ್ ಇದೆ, ಬಿಚ್ಚುವಾಗ ಮುಂದಿನ ತುಂಡು, ವಿಸ್ಕಸ್, ಹಿಂದಿನ ತುಂಡು ಎಲ್ಲವನ್ನೂ ಒಟ್ಟಿಗೇ ಇಳಿಸಬೇಕು. ಮೂಲದಲ್ಲಿ ಹಿಂದಿನ ಗಾಲಿ ತಳ್ಳುವ, ಟ್ರಾನ್ಸ್‌ಫರ್ ಕೇಸಿನ ಕ್ಲಚ್ ಪ್ಲೇಟುಗಳ ಮೂಲಕ ಮುಂದಕ್ಕೆ ಕಳಿಸುವ ಗಾಡಿಯಲ್ಲಿ ಹಿಂದಿನ ಶಾಫ್ಟ್ ತೆಗೆದರೆ ಇಡೀ ಗಾಡಿಯ ಭಾರ ಆ ಪ್ಲೇಟುಗಳ ಮೇಲೆ. ಅವು ಸುಡುತ್ತವೆ, ಅಂಥದ್ದನ್ನು ಎತ್ತಿಕೊಂಡು ಹೋಗುವುದೇ ವಾಸಿ.

ಹದಿನಾಲ್ಕರ ಸ್ಪ್ಯಾನರ್

ಬಿಚ್ಚುವ ಕ್ರಮ ಬರೆಯುತ್ತೇನೆ.

ಸಮತಟ್ಟಾದ ಗಟ್ಟಿ ನೆಲ. ತೆಗೆಯಬೇಕಾದ್ದು ಹಿಂದಿನ ಶಾಫ್ಟ್ ಆದ್ದರಿಂದ ಮುಂದಿನ ಎರಡೂ ಗಾಲಿಗೆ ಹಿಂದೆ ಮುಂದೆ ಅಡೆ ಕೊಡಿ. ಇಟ್ಟಿಗೆ ಬೇಡ, ಒಡೆಯುತ್ತದೆ. ಮರದ ತ್ರಿಕೋನ ತುಂಡು ಒಳ್ಳೆಯದು.

ಎರಡೂ ತುದಿಯಲ್ಲಿ ಫ್ಲ್ಯಾಂಜಿಗೂ ಯೋಕಿಗೂ (ಶಾಫ್ಟಿನ ಕವೆಯಂಥ ತುದಿ) ಸೇರಿ ಒಂದೇ ಗೆರೆ ಬಣ್ಣದಲ್ಲಿ ಎಳೆಯಿರಿ. ಜಾರುವ ಸ್ಪ್ಲೈನ್ (ಶಾಫ್ಟ್ ಉದ್ದ ಗಿಡ್ಡವಾಗಲು ಬಿಡುವ ಹಲ್ಲುಗಳ ಜೋಡಣೆ) ಇರುವ ಕಡೆಯೂ ಒಂದು ಗೆರೆ. ಸೀಮೆಸುಣ್ಣ ಸಾಲದು, ಗ್ರೀಸಿನ ಕೈ ತಾಗಿದರೆ ಅಳಿಸಿಹೋಗುತ್ತದೆ. ತೂಕ ಸಮ ಮಾಡಿದ ಶಾಫ್ಟನ್ನು ಅರ್ಧ ಸುತ್ತು ತಪ್ಪಿಸಿ ಕೂರಿಸಿದರೆ ಇಲ್ಲದ ನಡುಕ ಹುಟ್ಟಿಕೊಳ್ಳಬಹುದು. ಸ್ಪ್ಲೈನ್ ಕಳಚಿ ಬಂದರೆ ‘ಎರಡೂ ಯೋಕ್ ಒಂದೇ ಸಾಲಿಗೆ’ ಅಂತ ಅಂದಾಜಿನಲ್ಲಿ ಸೇರಿಸುವುದೂ ಎಲ್ಲ ಗಾಡಿಗೆ ಸರಿಯಲ್ಲ. ಟೊಯೊಟಾದ ಕೆಲವು ಮುಂದಿನ ಶಾಫ್ಟುಗಳಲ್ಲಿ ಯೋಕುಗಳು ಬೇಕೆಂದೇ ಓರೆಯಾಗಿರುತ್ತವೆ. ಗೆರೆ ಇದ್ದರೆ ತಲೆ ಕೆಡಿಸಿಕೊಳ್ಳುವುದೇ ಬೇಡ.

ಬೋಲ್ಟುಗಳಿಗೆ ತಂತಿ ಬ್ರಷ್ ಹೊಡೆದು ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಬಿಡಿ. ಪ್ರತಿ ತುದಿಗೆ ನಾಲ್ಕು ಬೋಲ್ಟು, ಎಲ್ಲವೂ ಒಂದೇ ಸಲಕ್ಕೆ ಕೈಗೆ ಸಿಗುವುದಿಲ್ಲ. ಹಿಂದಿನ ಒಂದು ಗಾಲಿಯನ್ನು ಜಾಕಿ ಕೊಟ್ಟು ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟರೆ ನ್ಯೂಟ್ರಲ್‌ನಲ್ಲಿ ಶಾಫ್ಟ್ ತಿರುಗಿಸಿ ಬೋಲ್ಟನ್ನು ಕೆಳಮುಖ ತರಬಹುದು. ಆಮೇಲೆ ಗೇರ್ ಹಾಕಿ ಶಾಫ್ಟನ್ನು ನಿಲ್ಲಿಸಿಕೊಂಡು ಸಡಿಲಿಸಿ. ಓಪನ್ ಎಂಡ್ ಸ್ಪ್ಯಾನರ್ ಬಳಸಬೇಡಿ, ರಿಂಗ್ ಸ್ಪ್ಯಾನರೇ ಬೇಕು. ತಲೆ ಉರುಟಾದರೆ ಆ ಸಂದಿಯಲ್ಲಿ ಉಳಿ ಹಿಡಿಯಲೂ ಜಾಗವಿಲ್ಲ. ಲ್ಯಾಂಡ್ ರೋವರುಗಳ 3/8 ಇಂಚಿನ ಬೋಲ್ಟಿಗೆ ಬೇಕಾದ್ದು 9/16ರ ಸ್ಪ್ಯಾನರ್. 14 ಮಿ.ಮೀ. ಅದಕ್ಕಿಂತ ಒಂದು ಕೂದಲೆಳೆ ಸಣ್ಣದು, ಸರಿಯಾಗಿ ಕೂರುವುದಿಲ್ಲ, ಬಿಗಿಯಾದ ಬೋಲ್ಟಿಗೆ ಸರಿಯಾದ ಅಳತೆಯೇ ಇರಲಿ.

ಎಂಟೂ ಬೋಲ್ಟುಗಳನ್ನು ಮೊದಲು ಕಾಲು ಸುತ್ತು ಸಡಿಲಿಸಿ. ಆಕ್ಸಲ್ ತುದಿಯನ್ನು ಮೊದಲು ಬಿಡಿಸಿ, ಆ ತುದಿಯನ್ನು ತಂತಿಯಲ್ಲಿ ಚಾಸಿಗೆ ಕಟ್ಟಿ. ನೇತಾಡಲು ಬಿಟ್ಟರೆ ಇನ್ನೊಂದು ತುದಿಯ ಒಳ್ಳೆ ಕ್ರಾಸ್ ಮೇಲೆ ಜಗ್ಗು ಬೀಳುತ್ತದೆ. ಟ್ರಾನ್ಸ್‌ಫರ್ ಕೇಸ್ ತುದಿಯಲ್ಲಿ ಕೊನೆಯ ಒಂದು ಬೋಲ್ಟ್ ಬಿಡಿಸುವಾಗ ಶಾಫ್ಟ್ ಮುಖದ ಮೇಲೆ ಬೀಳದಂತೆ ಇನ್ನೊಬ್ಬರು ಹಿಡಿದಿರಲಿ. ಕಪ್ಪುಗಳನ್ನು ಯು ಬೋಲ್ಟು ಅಥವಾ ಪಟ್ಟಿಯಿಂದ ಹಿಡಿಸಿದ ಮಾದರಿಯಾದರೆ ಹೊರಗೆ ಬಂದ ತಕ್ಷಣ ಎದುರುಬದುರು ಕಪ್ಪುಗಳಿಗೆ ಟೇಪ್ ಸುತ್ತಿ. ಇಲ್ಲವಾದರೆ ಕಪ್ ಕಳಚಿ ಸೂಜಿಗಳೆಲ್ಲ ಮಣ್ಣುಪಾಲು.

ಎರಡು ತುಂಡಿನ ಶಾಫ್ಟ್, ನಡುವೆ ಬೇರಿಂಗ್ ನೇತುಹಾಕಿರುವಂಥದ್ದು ಆದರೆ ಹಿಂದಿನ ತುಂಡೊಂದನ್ನೇ ತೆಗೆದು ಓಡಿಸುವ ಆಸೆ ಬೇಡ. ಉಳಿದ ತುಂಡು ಆ ರಬ್ಬರಿನ ಬೇರಿಂಗಿನ ಆಸರೆಯಲ್ಲೇ ತಿರುಗುತ್ತಾ ಚಚ್ಚುತ್ತದೆ. ಪೂರ್ತಿ ಇಳಿಸಿ.

ಟ್ರಾನ್ಸ್‌ಫರ್ ಕೇಸಿನ ಫ್ಲ್ಯಾಂಜನ್ನೂ ಅದರ ನಡುವಿನ ದೊಡ್ಡ ನಟ್ಟನ್ನೂ ಮುಟ್ಟಬೇಡಿ. ಸೀಲ್ ಹಿಡಿದಿರುವುದು ಅದೇ ಫ್ಲ್ಯಾಂಜಿನ ಮೇಲೆ, ಎಣ್ಣೆ ಸೋರುವುದಿಲ್ಲ.

ತುಕ್ಕುಬೋಲ್ಟು

ಸೋರಲ್ಲ ಅಂದಿದ್ದು ಫ್ಲ್ಯಾಂಜ್ ಇರೋ ಗಾಡಿಗೆ ಮಾತ್ರ. ಜೀಪ್ ಚೆರೋಕಿ, ರ‍್ಯಾಂಗ್ಲರ್ ಟಿಜೆ ಇಂಥವುಗಳ ಎನ್‌ಪಿ231ರಲ್ಲಿ ಹಿಂದಿನ ಶಾಫ್ಟಿನ ಮೂತಿ ಬಾಲದ ಹೌಸಿಂಗಿನೊಳಗೆ ಹೋಗಿ ಕೂತಿರುತ್ತೆ, ಬೋಲ್ಟೇ ಇಲ್ಲ. ಎಳೆದರೆ ಬರುತ್ತೆ, ಹಿಂದೇನೇ ಎಣ್ಣೆನೂ ಬರುತ್ತೆ. ಒಳಗೆ ಇರೋದೇ ಸುಮಾರು ಒಂದು ಲೀಟರ್ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ), ಸ್ವಲ್ಪ ಹೋದರೂ ಲೆಕ್ಕಕ್ಕೆ ಬರುತ್ತೆ. ಮುಂಭಾಗ ಸ್ವಲ್ಪ ತಗ್ಗಿಸಿ ನಿಲ್ಲಿಸಿಕೊಂಡು ತೆಗೀರಿ. ಬಾಯಿಗೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಮುಚ್ಚಿ ಹೌಸಿಂಗಿನ ಹೊರಮೈಗೆ ಹೋಸ್ ಕ್ಲಿಪ್ ಬಿಗೀರಿ. ಒಳಗಿನ ಶಾಫ್ಟ್ ತುದಿ ತಿರುಗ್ತಾ ಇರುತ್ತೆ, ಡಬ್ಬಿ ಅದಕ್ಕೆ ತಾಗಬಾರದು. ಮೊದಲ ಹತ್ತು ಕಿ.ಮೀ. ಆದಮೇಲೆ ಪಕ್ಕದ ತುಂಬುವ ಪ್ಲಗ್ ಬಿಚ್ಚಿ ಎಣ್ಣೆ ಮಟ್ಟ ನೋಡಿ. ಅದೇ ಜೀಪಿನ ಮುಂದಿನ ಶಾಫ್ಟ್ ಬೋಲ್ಟಿನದು, ಅಲ್ಲಿ ಈ ರಗಳೆ ಇಲ್ಲ.

ಇನ್ನೊಂದು, ಹಬ್ ಆಟೋಮ್ಯಾಟಿಕ್ ಆಗಿದ್ರೂ ನಡೆಯುತ್ತೆ, ಹಾಕಿ ಓಡಿಸ್ತಾ ಇರಬಹುದು.

ಸೆಂಟರ್‌ಡಿಫ್

ಆಟೋಮ್ಯಾಟಿಕ್ ಹಬ್ ವಿಷಯದಲ್ಲಿ ಅಷ್ಟು ಸುಲಭಕ್ಕೆ ಹ್ಞೂಂ ಅನ್ನಲಾರೆ. ಅವು ಮುಂದಿನ ಆಕ್ಸಲ್ಲಿಗೆ ತಳ್ಳುಬಲ ಬಂದಾಗ ಕಚ್ಚುತ್ತವೆ, ಹಲವು ಮಾದರಿಗಳು ದಿಕ್ಕು ಬದಲಾದಾಗ ಬಿಡುತ್ತವೆ. ಮುಂದಿನ ಗಾಲಿಯೊಂದೇ ಎಳೆಯುವಾಗ ಪ್ರತಿ ರಿವರ್ಸಿಗೂ ಬಿಟ್ಟು ಕಚ್ಚಿ ಟಕ್ ಅನ್ನುತ್ತವೆ, ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ ನಂಬುವ ಹಾಗಿಲ್ಲ. ನಿಧಾನಕ್ಕೆ ಮನೆ ಸೇರಲು ಸರಿ, ಐದು ದಿನಕ್ಕೆ ಅಲ್ಲ. ಮುಂದಿನ ಆಕ್ಸಲ್ಲಿನ ಒಂದು ಬದಿಯನ್ನು ವ್ಯಾಕ್ಯೂಮಿನಿಂದ ಜೋಡಿಸುವ ಗಾಡಿಗಳಲ್ಲಿ ಆ ಜೋಡಣೆ ಕಚ್ಚದಿದ್ದರೂ ಫಲ ಒಂದೇ, ಗಾಡಿ ಕದಲುವುದಿಲ್ಲ.

ಯಾರೂ ಎತ್ತದ ಹ್ಯಾಂಡ್‌ಬ್ರೇಕ್ ಮಾತಿಗೆ ಬರುತ್ತೇನೆ. ಈ ಕೆಲಸದಲ್ಲಿ ಜನಕ್ಕೆ ಪೆಟ್ಟಾಗುವುದು ಇಲ್ಲಿ.

ಹ್ಯಾಂಡ್‌ಬ್ರೇಕ್ ಹಿಂದಿನ ಗಾಲಿಗಳ ಡ್ರಮ್ಮಿನಲ್ಲೇ ಇದ್ದರೆ ಶಾಫ್ಟ್ ಇರಲಿ ಬಿಡಲಿ ಹಿಡಿಯುತ್ತದೆ. ಡಿಫೆಂಡರಿನ ಥರ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಔಟ್‌ಪುಟ್ಟಿಗೆ ಡ್ರಮ್ ಇದ್ದರೆ ಅದು ಹಿಡಿಯುವುದು ಗಾಲಿಯನ್ನಲ್ಲ, ಶಾಫ್ಟನ್ನು. ಹಿಂದಿನ ಶಾಫ್ಟಿನ ಕೊನೆಯ ಬೋಲ್ಟ್ ಬಿಡಿಸಿದ ಕ್ಷಣ ಹಿಂದಿನ ಗಾಲಿಗಳು ಸ್ವತಂತ್ರ. ಡಿಫ್ ಲಾಕ್ ಹಾಕಿದ್ದರೆ ಡ್ರಮ್ಮಿನ ಹಿಡಿತ ಮುಂದಿನ ಶಾಫ್ಟಿನ ಮೂಲಕ ಮುಂದಿನ ಗಾಲಿಗಳಿಗೆ ಸಿಗುತ್ತದೆ. ಹಾಕದಿದ್ದರೆ, ಗೇರೂ ನ್ಯೂಟ್ರಲ್ ಆಗಿದ್ದರೆ, ಗಾಡಿಯನ್ನು ಹಿಡಿಯುವವರಿಲ್ಲ.

ಗೇರ್ ಹಾಕಿ ನಿಲ್ಲಿಸುವುದಕ್ಕೂ, ಆಟೋಮ್ಯಾಟಿಕ್ಕಿನ ‘ಪಿ’ಗೂ ಇದೇ ಲೆಕ್ಕ. ಅವು ನಿಲ್ಲಿಸುವುದು ಗೇರ್‌ಬಾಕ್ಸಿನ ಔಟ್‌ಪುಟ್ಟನ್ನು. ಹಿಂದಿನ ಶಾಫ್ಟ್ ಇಲ್ಲದ ಪಾರ್ಟ್‌ಟೈಮ್ ಗಾಡಿ 2ಎಚ್‌ನಲ್ಲಿದ್ದರೆ ‘ಪಿ’ ಹಾಕಿದರೂ ಒಂದು ಗಾಲಿಯೂ ನಿಲ್ಲುವುದಿಲ್ಲ. 4ಎಚ್ ಇರಬೇಕು, ಹಬ್‌ಗಳೂ ಲಾಕ್ ಇರಬೇಕು. ತೊಳೆಯಲೋ ತಳ್ಳಲೋ ಯಾರಾದರೂ ಹಬ್ ಫ್ರೀ ಮಾಡಿದರೆ ಅಲ್ಲಿಗೆ ಮುಗಿಯಿತು.

ಇನ್ನು ಜಾಕಿ. ಮುಂದಿನ ಆಕ್ಸಲ್ಲಿನ ಮೂಲಕವೇ ಗಾಡಿ ನಿಂತಿದೆ ಅಂದುಕೊಳ್ಳಿ, ಟೈರ್ ಬದಲಿಸಲು ಮುಂದಿನ ಒಂದು ಗಾಲಿ ಎತ್ತಿದಿರಿ. ಎತ್ತಿದ ಗಾಲಿ ಹಿಂದಕ್ಕೆ ತಿರುಗುತ್ತದೆ, ನೆಲದ ಮೇಲಿನದು ಮುಂದಕ್ಕೆ ಉರುಳುತ್ತದೆ, ನಡುವಿನ ಡಿಫರೆನ್ಷಿಯಲ್ ಅದಕ್ಕೆ ಪೂರ್ತಿ ಅವಕಾಶ ಕೊಡುತ್ತದೆ. ಡ್ರಮ್ಮೂ ಗೇರೂ ಹಿಡಿದಿದ್ದರೂ ಗಾಡಿ ಜಾಕಿಯಿಂದ ಜಾರುತ್ತದೆ. ಶಾಫ್ಟ್ ಇಲ್ಲದಷ್ಟು ದಿನವೂ ಅಡೆ ತುಂಡುಗಳು ಸೀಟಿನ ಕೆಳಗೇ ಇರಲಿ.

ಮಣ್ಣುದಾರಿ

ಎಲ್ಲರಿಗೂ ಧನ್ಯವಾದ. ಹ್ಯಾಂಡ್‌ಬ್ರೇಕ್ ಹಿಂದಿನ ಗಾಲಿ ಡ್ರಮ್ಮಿನದೇ. ಬಿಚ್ಚಿ ಆಯಿತು. 4ಎಚ್ ಹಾಕಿ, ಎರಡೂ ಹಬ್ ಲಾಕಿಗೆ ತಿರುಗಿಸಿ, ಗೇರ್ ನ್ಯೂಟ್ರಲ್ ಮಾಡಿ ಹಿಂದಿನ ಖಾಲಿ ಫ್ಲ್ಯಾಂಜ್ ತಿರುಗಿಸಿದರೆ ಅದು ತಿರುಗುತ್ತಲೇ ಇದೆ. ಜೊತೆಗೆ ಮುಂದಿನ ಪ್ರೊಪೆಲ್ಲರ್ ಶಾಫ್ಟೂ ತಿರುಗುತ್ತಿದೆ. ಗಾಲಿಗಳು ಅಲುಗಿಲ್ಲ. ಇದರ ಅರ್ಥ?

ಹದಿನಾಲ್ಕರ ಸ್ಪ್ಯಾನರ್

ಮುಂದಿನ ಶಾಫ್ಟ್ ಜೊತೆಗೇ ತಿರುಗುತ್ತಿದೆ ಅಂದರೆ ಟ್ರಾನ್ಸ್‌ಫರ್ ಕೇಸ್ ಕಚ್ಚಿದೆ, ಅದು ಸರಿಯಾಗಿದೆ. ತಪ್ಪಿರುವುದು ಅದಕ್ಕೂ ಮುಂದೆ, ಹಬ್‌ನಲ್ಲಿ. ಗುಬುಟು ಲಾಕಿಗೆ ತಿರುಗಿದರೂ ಒಳಗಿನ ರಿಂಗ್ ಸರಿದಿಲ್ಲ. ಮೊದಲು ಗಾಡಿಯನ್ನು ಒಂದಡಿ ಮುಂದೆ ಹಿಂದೆ ತಳ್ಳಿ ಮತ್ತೆ ಪರೀಕ್ಷಿಸಿ, ಹಲ್ಲು ಎದುರುಬದುರು ನಿಂತಿದ್ದರೆ ಅಷ್ಟಕ್ಕೇ ಬೀಳುತ್ತದೆ. ಆಗಲೂ ತಿರುಗಿದರೆ, ಮುಂದಿನ ಒಂದೊಂದೇ ಗಾಲಿ ಎತ್ತಿ, ಹಿಂದಿನ ಗಾಲಿಗಳಿಗೆ ಅಡೆ ಕೊಟ್ಟು, ಎತ್ತಿದ ಗಾಲಿಯನ್ನು ಕೈಯಲ್ಲಿ ಸುತ್ತಿಸಿ. ಒಳಗಿನ ಅರ್ಧ ಆಕ್ಸಲ್ ಜೊತೆಗೆ ಸುತ್ತದಿದ್ದರೆ ಅದೇ ಕೆಟ್ಟ ಹಬ್.

ಹೊರಗಿನ ಮುಚ್ಚಳದ ಬೋಲ್ಟುಗಳು ಸಾಮಾನ್ಯವಾಗಿ ಆರು. ಬಿಚ್ಚಿದರೆ ಒಳಗೆ ಕಂದುಬಣ್ಣಕ್ಕೆ ತಿರುಗಿ ಮೇಣದಂತೆ ಗಟ್ಟಿಯಾದ ಗ್ರೀಸ್ ಇರುತ್ತದೆ. ರಿಂಗನ್ನು ತಡೆದಿರುವುದು ಬಹುಪಾಲು ಅದೇ. ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಜಾರುವ ಹಲ್ಲುಗಳಿಗೆ ತೆಳ್ಳಗೆ ಗ್ರೀಸ್ ಸವರಿ. ಬೇರಿಂಗಿಗೆ ತುಂಬಿದ ಹಾಗೆ ಇಲ್ಲಿ ತುಂಬಬೇಡಿ, ಸ್ಪ್ರಿಂಗಿನ ಬಲ ಸಣ್ಣದು, ದಪ್ಪ ಗ್ರೀಸನ್ನು ತಳ್ಳಲಾರದು. ಮುಚ್ಚಳ ಕೂರಿಸುವಾಗ ಗುಬುಟು ಫ್ರೀಯಲ್ಲಿರಲಿ, ಬೋಲ್ಟು ಬಿಗಿದ ಮೇಲೆ ಲಾಕಿಗೆ ತಿರುಗಿಸಿ ಫ್ಲ್ಯಾಂಜ್ ಪರೀಕ್ಷೆ ಮತ್ತೊಮ್ಮೆ ಮಾಡಿ.

ಹೊಸ ಕ್ರಾಸ್ ಕೂರಿಸುವಾಗ ಕಪ್ಪನ್ನು ಹಿಡಿದಿಡುವ ಸರ್ಕ್ಲಿಪ್ ತನ್ನ ತೋಡಿಗೆ ಪೂರ್ತಿ ಇಳಿಯದಿದ್ದರೆ ಸುತ್ತಿಗೆಯಲ್ಲಿ ಹೊಡೆಯಬೇಡಿ. ಬಹುಪಾಲು ಒಂದು ಸೂಜಿ ಕಪ್ಪಿನ ತಳದಲ್ಲಿ ಅಡ್ಡ ಬಿದ್ದಿದೆ ಅಂತ ಅರ್ಥ, ಕಪ್ ತೆಗೆದು ನೋಡಿ. ಗ್ರೀಸ್ ಗನ್ನಿನಲ್ಲಿ ನಾಲ್ಕೂ ಕಪ್ಪಿನ ಅಂಚಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಹೊಡೆಯಿರಿ. ಜಾರುವ ಸ್ಪ್ಲೈನಿಗೆ ಮಾತ್ರ ಎರಡು ಮೂರು ಒತ್ತು ಸಾಕು. ಅಲ್ಲಿ ಗ್ರೀಸ್ ತುಂಬಿ ನಿಂತರೆ ಸ್ಪ್ರಿಂಗು ಕುಗ್ಗಿದಾಗ ಶಾಫ್ಟಿಗೆ ಒಳಸರಿಯಲು ಜಾಗವಿರದೆ, ಆ ತಳ್ಳು ನೇರ ಟ್ರಾನ್ಸ್‌ಫರ್ ಕೇಸಿನ ಬೇರಿಂಗಿಗೆ ಹೋಗುತ್ತದೆ. ನೈಲಾಕ್ ನಟ್ಟುಗಳು ಎಂಟೂ ಹೊಸವೇ ಇರಲಿ. ನೂರು ಕಿ.ಮೀ. ಆದ ಮೇಲೆ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಶಾಫ್ಟ್ ಕೂರಿಸಿದ ಕೂಡಲೇ ಹಬ್ ಎರಡನ್ನೂ ಫ್ರೀಗೆ ತಿರುಗಿಸಿ 2ಎಚ್‌ಗೆ ಬನ್ನಿ. ಶಾಫ್ಟ್ ಕೂರಿಸಿದ ಮೇಲೆ 4ಎಚ್‌ನಲ್ಲಿ ಡಾಂಬರಿಗೆ ಇಳಿದರೆ ಹಳೆಯ ನಿಯಮ ಮತ್ತೆ ಜಾರಿಗೆ ಬಂದಿರುತ್ತದೆ.